ಬಜ್ಪೆ ಗುಡ್ಡದ ಮೇಲೆ: ಒಂದು ಟಿಕೆಟ್ಟಿನ ಚರಿತ್ರೆ

 

ಹೋದ ತಿಂಗಳು ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಬಂದೆ. ಮೇಲೆ ಹೋದದ್ದೇ ತಡ, ಇಳಿಯುವ ಘೋಷಣೆ ಬಂದುಬಿಡುವಷ್ಟು ಸಣ್ಣ ಹಾರಾಟ. ಪಕ್ಕದ ಸೀಟಲ್ಲಿ ಅರವತ್ತು ದಾಟಿದ ಒಬ್ಬ ಅಮ್ಮ ಕೂತಿದ್ದರು. ಘಟ್ಟ ದಾಟುವ ತನಕ ಚೆನ್ನಾಗಿಯೇ ಮಾತಾಡ್ತಿದ್ದರು. ಮಗಳ ಮನೆ ಜಯನಗರದಲ್ಲಂತೆ, ಅಲ್ಲಿ ಸಿಗುವ ಬೂತಾಯಿಗೆ ರುಚಿಯೇ ಇಲ್ಲವಂತೆ. ಆಮೇಲೆ ಮೋಡ ಹರಿದು ಕೆಳಗೆ ಅಡಿಕೆ ತೋಟ, ಹಂಚಿನ ಮಾಡು ಕಾಣೋಕೆ ಶುರುವಾದ ಕೂಡಲೇ ಅವರ ಮಾತು ನಿಂತುಹೋಯಿತು. ಮುಂದಿನ ಸೀಟಿನ ಹಿಂಬದಿಯನ್ನು ಎರಡೂ ಕೈಯಲ್ಲಿ ಗಟ್ಟಿ ಹಿಡಿದುಕೊಂಡರು. ಚಕ್ರ ತಾಗಿತು, ಬ್ರೇಕ್ ಬಿತ್ತು, ಎಲ್ಲರೂ ಮುಂದಕ್ಕೆ ವಾಲಿದೆವು.

"ನಿಂತಿತಾ ಮಗಾ?" ಅಂತ ಕೇಳಿದರು, ಕಣ್ಣು ಬಿಡದೆ.

"ನಿಂತಿತು ಅಮ್ಮ."

ಯಾಕೆ ಅಷ್ಟು ಹೆದರಿಕೆ ಅಂತ ನಾನು ಕೇಳಲಿಲ್ಲ. ನಮ್ಮೂರಲ್ಲಿ ಅದನ್ನು ಯಾರೂ ಕೇಳೋದಿಲ್ಲ. ಆದರೆ ಮನೆಗೆ ಬಂದ ಮೇಲೆ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಈ ಬಜ್ಪೆ ವಿಮಾನ ನಿಲ್ದಾಣದ ಚರಿತ್ರೆಯನ್ನು ಉದ್ಘಾಟನೆ ಮಾಡಿದ ಮಂತ್ರಿಗಳ ಲೆಕ್ಕದಲ್ಲಿ ಹೇಳೋರು ಬೇಕಾದಷ್ಟು ಜನ ಇದ್ದಾರೆ. ಟಿಕೆಟ್ ತಗೊಂಡು ಒಳಗೆ ಕೂತವರ ಲೆಕ್ಕದಲ್ಲಿ ಹೇಳಿದರೆ ಹೇಗಿರುತ್ತೆ? ಯಾರು ಕೂತರು, ಎಷ್ಟು ದೂರದಿಂದ ಬಂದು ಕೂತರು, ಕೂತವರ ಜೀವಕ್ಕೆ ಎಷ್ಟು ಬೆಲೆ ಕಟ್ಟಿದರು? ನಾನು ಓದಿದ್ದು ಬಿ.ಕಾಂ., ಹಾಗಾಗಿ ಬೆಲೆ ಅನ್ನೋ ಪದ ಬಂದ ಕೂಡಲೇ ಕಿವಿ ನೆಟ್ಟಗಾಗುತ್ತೆ. ಕ್ಷಮಿಸಿ.

ಶುರು ಮಾಡೋಣ. 1951ರ ಡಿಸೆಂಬರ್ 25. ಮೊದಲ ಮಹಾಚುನಾವಣೆ ನಡೀತಿದ್ದ ಕಾಲ. ಪ್ರಧಾನಿ ಜವಾಹರಲಾಲ್ ನೆಹರೂ ಒಂದು ಡಕೋಟಾ ವಿಮಾನದಲ್ಲಿ ಬಂದು ಬಜ್ಪೆಯ ಗುಡ್ಡದ ಮೇಲೆ ಇಳಿದರು. ಡಕೋಟಾ ಅಂದರೆ ಎರಡು ಎಂಜಿನ್ನಿನ, ಬಾಲ ನೆಲಕ್ಕೆ ತಾಗಿಸಿಕೊಂಡು ಮೂತಿ ಮೇಲೆತ್ತಿ ನಿಲ್ಲುವ ವಿಮಾನ. ಒಳಗೆ ನಡೆಯಬೇಕಾದರೆ ಏರು ಹತ್ತಿದ ಹಾಗೆ ಹತ್ತಬೇಕು.

ಇಲ್ಲಿ ಒಂದು ವಿಷಯ ನೆನಪಿಟ್ಟುಕೊಳ್ಳಿ. ಆಗ ಮಂಗಳೂರು ಇದ್ದದ್ದು ಮದ್ರಾಸ್ ರಾಜ್ಯದಲ್ಲಿ. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಅಂದರೆ ಬಜ್ಪೆಯ ರನ್‌ವೇಗೆ ನಮ್ಮ ರಾಜ್ಯಕ್ಕಿಂತ ಸುಮಾರು ಐದು ವರ್ಷ ಜಾಸ್ತಿ ವಯಸ್ಸು! ಮದ್ರಾಸಿನವರಿಗೆ ಪಶ್ಚಿಮದ ಈ ಮೂಲೆ ಬೇಕಾಗಿರಲಿಲ್ಲ, ಬೆಂಗಳೂರಿನವರಿಗೆ ನಾವು ಇನ್ನೂ ನೆರೆಮನೆಯವರು. ಇಂಥ ಊರಿಗೆ ವಿಮಾನ ಬಂದದ್ದಕ್ಕೆ ಹಿರಿಯರು ಕೊಡುವ ಹೆಸರು ಒಂದೇ, ಉಳ್ಳಾಲ ಶ್ರೀನಿವಾಸ ಮಲ್ಯ. ನಮ್ಮ ಜಿಲ್ಲೆಯ ಸಂಸದ. ಬಂದರು, ಎಂಜಿನಿಯರಿಂಗ್ ಕಾಲೇಜು, ಹೆದ್ದಾರಿ, ಯಾವುದರ ಕತೆ ತೆಗೆದರೂ ದೆಹಲಿಯಲ್ಲಿ ಕೂತು ಕಾಗದ ಓಡಿಸಿದ ಈ ಮನುಷ್ಯ ಎದುರಾಗ್ತಾರೆ.

ಇನ್ನೊಂದು ಲೆಕ್ಕ ನೋಡಿ. ಹಾಸನದಿಂದ ಘಟ್ಟ ಇಳಿದು ಮಂಗಳೂರಿಗೆ ರೈಲು ಬಂದದ್ದು 1979ರಲ್ಲಿ. ಕರಾವಳಿ ಉದ್ದಕ್ಕೂ ಬೊಂಬಾಯಿ ತನಕ ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ. ಹಾಗಾದರೆ ನಮ್ಮೂರಿಗೆ ಬೆಂಗಳೂರಿನ ನೇರ ರೈಲಿಗಿಂತ 28 ವರ್ಷ ಮೊದಲು, ಬೊಂಬಾಯಿಯ ನೇರ ರೈಲಿಗಿಂತ 46 ವರ್ಷ ಮೊದಲು ವಿಮಾನ ನಿಲ್ದಾಣ ಬಂದಿತ್ತು. ಕೇಳೋಕೆ ಏನೋ ದೊಡ್ಡಸ್ತಿಕೆ ಅನಿಸುತ್ತೆ. ನಿಜ ಏನಂದರೆ, ಉಳಿದ ದಾರಿ ಎಲ್ಲ ಅಷ್ಟು ಕಷ್ಟ ಇತ್ತು. ಎಷ್ಟೋ ಹೊಳೆಗಳಿಗೆ ಸೇತುವೆ ಇಲ್ಲ, ದೋಣಿಯಲ್ಲೇ ದಾಟಬೇಕು. ಮಳೆಗಾಲದಲ್ಲಿ ಅದೂ ಇಲ್ಲ. ಆ ಕಾಲದಲ್ಲಿ ವಿಮಾನ ಹತ್ತಿದವರು ಯಾರು ಅಂತ ಊಹಿಸೋಕೆ ಇತಿಹಾಸದ ಡಿಗ್ರಿ ಬೇಡ. ಹಂಚಿನ ಕಾರ್ಖಾನೆಯವರು, ಗೋಡಂಬಿ, ಕಾಫಿ ವ್ಯಾಪಾರದವರು, ದೊಡ್ಡ ಅಧಿಕಾರಿಗಳು. ನನ್ನ ಅಜ್ಜ ವಿಮಾನವನ್ನು ನೋಡಿದ್ದು ಗದ್ದೆಯಲ್ಲಿ ನಿಂತು, ಹಣೆಗೆ ಕೈ ಅಡ್ಡ ಇಟ್ಟುಕೊಂಡು, ಅಷ್ಟೇ.

1953ರಲ್ಲಿ ಸರ್ಕಾರ ಖಾಸಗಿ ವಿಮಾನ ಕಂಪನಿಗಳನ್ನೆಲ್ಲ ಸೇರಿಸಿ ಇಂಡಿಯನ್ ಏರ್‌ಲೈನ್ಸ್ ಮಾಡಿತು. ಅಲ್ಲಿಂದ ನಲವತ್ತು ವರ್ಷ ನಮ್ಮೂರಿಗೆ ಒಂದೇ ಕಂಪನಿ. ಡಕೋಟಾ ಹೋಗಿ ಆವ್ರೋ ಬಂತು, ಆಮೇಲೆ ಬೋಯಿಂಗ್ ಬಂತು. ರನ್‌ವೇ ಮಾತ್ರ ಅದೇ, 1,615 ಮೀಟರ್.

ಈ ರನ್‌ವೇ ಬಗ್ಗೆ ಸ್ವಲ್ಪ ನಿಧಾನಕ್ಕೆ ಹೇಳ್ಬೇಕು, ಯಾಕಂದರೆ ಕತೆ ಪೂರ್ತಿ ನಿಂತಿರೋದು ಅದರ ಮೇಲೆ. ನಮ್ಮ ಕಡೆ ಸಮತಟ್ಟು ಜಾಗ ಅಂದರೆ ಗದ್ದೆ ಮಾತ್ರ. ಉಳಿದದ್ದೆಲ್ಲ ಮುರಕಲ್ಲಿನ ಗುಡ್ಡ. ಹಾಗಾಗಿ ಗುಡ್ಡದ ತಲೆ ಕತ್ತರಿಸಿ ಮೇಜಿನ ಹಾಗೆ ಮಾಡಿದರು. ಟೇಬಲ್‌ಟಾಪ್ ಅಂತಾರಲ್ಲ, ಅದೇ. ಮೇಜಿನ ಮೇಲೆ ಲೋಟ ಜಾರಿಸಿದರೆ ಅಂಚಿನಲ್ಲಿ ಏನಾಗುತ್ತೆ ಅಂತ ನಿಮಗೆ ಗೊತ್ತು. ಬಯಲಲ್ಲಿ ವಿಮಾನ ರನ್‌ವೇ ಬಿಟ್ಟು ಮುಂದೆ ಹೋದರೆ ಹುಲ್ಲು ಸಿಗುತ್ತೆ. ಇಲ್ಲಿ ಸಿಗೋದು ಕಣಿವೆ. ಅದಕ್ಕೇ ಇಲ್ಲಿ ಇಳಿಸೋ ಕೆಲಸವನ್ನು ಕೋ-ಪೈಲಟ್ ಕೈಗೆ ಕೊಡೋ ಹಾಗಿಲ್ಲ, ಕ್ಯಾಪ್ಟನ್ನೇ ಮಾಡಬೇಕು ಅನ್ನೋ ನಿಯಮ.

1981ರ ಆಗಸ್ಟ್ 19ರಂದು ಒಂದು ಆವ್ರೋ ಮಳೆಗೆ ಒದ್ದೆಯಾದ ರನ್‌ವೇ ಮೇಲೆ ನಿಲ್ಲದೆ ಅಂಚು ದಾಟಿತು. ಕಣಿವೆಗೆ ಬೀಳಲಿಲ್ಲ. ಒಳಗಿದ್ದ ಎಲ್ಲರೂ ಬದುಕಿದರು, ಆಗ ರಾಜ್ಯದ ಮಂತ್ರಿಯಾಗಿದ್ದ ವೀರಪ್ಪ ಮೊಯ್ಲಿಯವರೂ ಅದರಲ್ಲಿದ್ದರು. ವಿಮಾನ ಮಾತ್ರ ಮತ್ತೆ ಹಾರಲಿಲ್ಲ. ಗುಡ್ಡ ಒಂದು ಸಲ ಹೇಳಿ ನೋಡಿತು ಅಂತ ನಮ್ಮಜ್ಜಿ ಹೇಳ್ತಿದ್ದರು.

ಈಗ ನನ್ನ ಮಾವನ ಕತೆಗೆ ಬರ್ತೇನೆ. ಅಮ್ಮನ ತಮ್ಮ. ಪಿಯುಸಿ ಮುಗಿಸಿ, ಎ.ಸಿ. ರಿಪೇರಿ ಕಲಿತು, ತೊಂಬತ್ತರ ದಶಕದಲ್ಲಿ ದುಬೈಗೆ ಹೋದವರು. ಆಗ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಇಲ್ಲ. ದುಬೈಗೆ ಹೋಗೋದು ಅಂದರೆ ಮೊದಲು ಬೊಂಬಾಯಿಗೆ ಹೋಗೋದು. ಬಜ್ಪೆಯಿಂದ ಬೊಂಬಾಯಿಗೆ ವಿಮಾನ ಇತ್ತು ಸರಿ, ಆದರೆ ಆ ಟಿಕೆಟ್ಟಿನ ದುಡ್ಡು ಕೊಡೋಕೆ ಆಗುವವನು ದುಬೈಗೆ ಎ.ಸಿ. ರಿಪೇರಿಗೆ ಯಾಕೆ ಹೋಗ್ತಾನೆ ಮಾರಾಯ್ರೆ? ಹಾಗಾಗಿ ಬಸ್ಸು. ಒಂದು ಹಗಲು ಒಂದು ರಾತ್ರಿ. ಅಲ್ಲಿ ಏಜೆಂಟ್ ಹೇಳಿದ ಕೋಣೆಯಲ್ಲಿ ಹದಿನಾಲ್ಕು ಜನರ ಜೊತೆ, ವೀಸಾ ಕಾಗದ ಬರುವ ತನಕ ಕಾಯೋದು. ಅವರು ಕಾದದ್ದು ಹನ್ನೊಂದು ದಿನ. ಊಟಕ್ಕೆ ಊರಿನವರದೇ ಒಂದು ಉಡುಪಿ ಹೋಟೆಲಿನಲ್ಲಿ ಸಾಲ.

ವಾಪಸ್ ಬರುವಾಗ ರಟ್ಟಿನ ಪೆಟ್ಟಿಗೆ, ಸುತ್ತ ನೈಲಾನ್ ಹಗ್ಗ, ಮೇಲೆ ದಪ್ಪ ಮಾರ್ಕರಿನಲ್ಲಿ ಹೆಸರು, ಊರು, ಅಂಚೆ. ಒಳಗೆ ಟ್ಯಾಂಗ್ ಪುಡಿ, ಟೈಗರ್ ಬಾಮ್, ಟಾರ್ಚ್, ನಮಗೆಲ್ಲ ಒಂದೊಂದು ಪೆನ್ನು. ಬೊಂಬಾಯಿಯಲ್ಲಿ ಇಳಿದು ಮತ್ತೆ ಅದೇ ಬಸ್ಸು. ಎರಡು ವರ್ಷಕ್ಕೊಮ್ಮೆ ಮೂವತ್ತು ದಿನ ರಜೆ. ಅದರಲ್ಲಿ ಹೋಗೋಕೆ ಎರಡು, ಬರೋಕೆ ಎರಡು ದಿನ ದಾರಿಗೇ ಖರ್ಚು. ಶೇಕಡಾ ಹದಿಮೂರು. ಅಷ್ಟು ಬಡ್ಡಿಯನ್ನು ಇವರು ರಸ್ತೆಗೆ ಕೊಡ್ತಿದ್ದರು.

ಅಜ್ಜ ತೀರಿಕೊಂಡಾಗ ಮಾವನಿಗೆ ಫೋನು ಹೋಯಿತು. ಕಂಪನಿ ರಜೆ ಕೊಟ್ಟು, ಟಿಕೆಟ್ ಸಿಕ್ಕಿ, ಬೊಂಬಾಯಿಗೆ ಬಂದು, ಬಸ್ಸು ಹತ್ತಿ ಮನೆಗೆ ಮುಟ್ಟುವಾಗ ಬೂದಿ ತಣ್ಣಗಾಗಿ ನಾಲ್ಕು ದಿನ ಆಗಿತ್ತು. ಬೊಜ್ಜಕ್ಕೆ ಇದ್ದರು, ಮುಖ ನೋಡೋಕೆ ಸಿಗಲಿಲ್ಲ. ಆ ಸಂಜೆ ಅವರು ಜಗಲಿಯಲ್ಲಿ ಕೂತು, "ಬಜ್ಪೆ ನಮ್ಮ ಮನೆಯಿಂದ ಒಂಬತ್ತು ಮೈಲು. ವಿಮಾನ ದಿನಾ ನಮ್ಮ ತಲೆ ಮೇಲೆ ಹೋಗ್ತದೆ," ಅಂದದ್ದನ್ನು ಅಮ್ಮ ಈಗಲೂ ಹೇಳ್ತಾರೆ.

ನೇರ ವಿಮಾನ ಬೇಕಾದರೆ ದೊಡ್ಡ ವಿಮಾನ ಬೇಕು, ದೊಡ್ಡ ವಿಮಾನಕ್ಕೆ ಉದ್ದದ ರನ್‌ವೇ ಬೇಕು, ಉದ್ದದ ರನ್‌ವೇಗೆ ಇನ್ನೊಂದು ಗುಡ್ಡ ಬೇಕು. ಗುಡ್ಡದಲ್ಲಿ ಜನ ಇದ್ದರು. ಎರಡನೇ ರನ್‌ವೇಯ ಜಗಳ ವರ್ಷಗಟ್ಟಲೆ ನಡೆಯಿತು. ಭೂಮಿ ಕೊಡಬೇಕಾದವರು, ಪರಿಸರದವರು ಸೇರಿ ಕೋರ್ಟಿಗೆ ಹೋದರು. ಅವರ ವಾದ ಬರೀ ಭೂಮಿಯದ್ದಾಗಿರಲಿಲ್ಲ. ಗುಡ್ಡದ ತುದಿಯಲ್ಲಿ ವಿಮಾನಕ್ಕೆ ಏನಾದರೂ ಆದರೆ ಸುರಕ್ಷತೆಗೆ ಬೇಕಾದಷ್ಟು ಜಾಗ ಇಲ್ಲ ಅಂತಲೂ ಅವರು ಹೇಳಿದ್ದರು. ಹೈಕೋರ್ಟ್ ಒಪ್ಪಲಿಲ್ಲ. 2003ರಲ್ಲಿ ಸುಪ್ರೀಂ ಕೋರ್ಟೂ ಅರ್ಜಿ ವಜಾ ಮಾಡಿತು.

ನಮ್ಮ ಮನೆಯಲ್ಲಿ ಆಗ ಯಾರ ಪರ ಇದ್ದರು ಅಂತ ಕೇಳಿದರೆ, ನಿಜ ಹೇಳ್ತೇನೆ, ರನ್‌ವೇ ಪರ. ಮಾವ ಇದ್ದಾರಲ್ಲ. ಭೂಮಿ ಹೋದದ್ದು ನಮ್ಮದಲ್ಲ. ಈಗ ಅದನ್ನು ಹೇಳುವಾಗ ಸ್ವಲ್ಪ ನಾಚಿಕೆ ಆಗುತ್ತೆ, ಆದರೆ ಅಡಗಿಸೋದು ಸರಿಯಲ್ಲ.

2006ರ ಮೇ 10ರಂದು 2,450 ಮೀಟರಿನ ಹೊಸ ರನ್‌ವೇ ಉದ್ಘಾಟನೆ ಆಯಿತು. ಅಕ್ಟೋಬರ್ 3ರಂದು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಮಂಗಳೂರಿನಿಂದ ದುಬೈಗೆ ಹಾರಿತು. ಅದು ಅಗ್ಗದ ದರದ ಕಂಪನಿ, ಹಿಂದಿನ ವರ್ಷ ಕೇರಳದಿಂದ ಶುರುವಾಗಿತ್ತು. ಒಳಗೆ ಕೂತವರು ಈಗ ಬೇರೆ ಜನ. ಗಾರೆ ಕೆಲಸದವರು, ಡ್ರೈವರುಗಳು, ನರ್ಸುಗಳು, ಸೂಪರ್‌ಮಾರ್ಕೆಟ್ ಹುಡುಗರು, ಹೆರಿಗೆಗೆ ತಾಯಿ ಮನೆಗೆ ಬರುವ ಹೆಣ್ಮಕ್ಕಳು. ಐವತ್ತೈದು ವರ್ಷ ಗದ್ದೆಯಲ್ಲಿ ನಿಂತು ವಿಮಾನ ನೋಡಿದವರ ಮಕ್ಕಳು ಈಗ ಒಳಗಿನಿಂದ ಗದ್ದೆ ನೋಡಿದರು. ಮಾವ ಮೊದಲ ಸಲ ಹಾಗೆ ಬಂದ ದಿನ ನನಗೆ ನೆನಪುಂಟು. ರಾತ್ರಿ ದುಬೈಯಲ್ಲಿ ಹತ್ತಿ, ಬೆಳಿಗ್ಗೆ ನಮ್ಮ ಮನೆಯಲ್ಲಿ ನೀರುದೋಸೆ ತಿಂದರು. ಆರು ತಿಂದು, "ಹೊಟ್ಟೆಗೆ ಇನ್ನೂ ಗೊತ್ತಾಗಿಲ್ಲ ನಾನು ಊರಿಗೆ ಬಂದದ್ದು," ಅಂದರು. ಸ್ವಾಗತಕ್ಕೆ ನಾವು ಒಂದು ಓಮ್ನಿ ಕಾರಿನಲ್ಲಿ ಹನ್ನೊಂದು ಜನ ಹೋಗಿದ್ದೆವು. ಅವರಿಗೆ ಕೂರೋಕೆ ಜಾಗ ಇರಲಿಲ್ಲ!

2010ರ ಮೇ 15. ಕೆಂಜಾರು ಕಡೆ ಹೊಸ ಟರ್ಮಿನಲ್ ಉದ್ಘಾಟನೆ. ಕೇಂದ್ರ ಸಚಿವ ಪ್ರಫುಲ್ ಪಟೇಲ್ ಬಂದಿದ್ದರು. ಅದಾಗಿ ಸರಿಯಾಗಿ ಏಳು ದಿನ.

ಮೇ 22, ಶನಿವಾರ, ಬೆಳಿಗ್ಗೆ ಆರು ದಾಟಿದೆ ಅಷ್ಟೇ. ದುಬೈಯಿಂದ ಬಂದ ಐಎಕ್ಸ್ 812. ಬೋಯಿಂಗ್ 737. 160 ಪ್ರಯಾಣಿಕರು, 6 ಸಿಬ್ಬಂದಿ. ಮಳೆ ಇರಲಿಲ್ಲ, ಗಾಳಿ ಇರಲಿಲ್ಲ, ರನ್‌ವೇ ಕಾಣ್ತಿತ್ತು. ವಿಮಾನ ಇರಬೇಕಾದ್ದಕ್ಕಿಂತ ಮೇಲಿತ್ತು, ವೇಗವೂ ಜಾಸ್ತಿ. ತನಿಖೆಯ ಪ್ರಕಾರ ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ಗಂಟೆಗಿಂತ ಹೆಚ್ಚು ನಿದ್ದೆ ಮಾಡಿದ್ದರು. ಮತ್ತೆ ಮೇಲೇರೋಣ ಅಂತ ಕೋ-ಪೈಲಟ್ ಮೂರು ಸಲ ಹೇಳಿದರೂ ಕ್ಯಾಪ್ಟನ್ ಇಳಿಸೋದನ್ನು ಬಿಡಲಿಲ್ಲ. 8,033 ಅಡಿಯ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು ಸುಮಾರು 5,200 ಅಡಿ ಕಳೆದ ಮೇಲೆ. ಕೊನೆಯಲ್ಲಿ ಮರಳಿನ ಹಾಸು ಇತ್ತು, ಅದನ್ನೂ ದಾಟಿತು. ಅದರ ಮುಂದೆ ಸಿಗ್ನಲ್ ಉಪಕರಣದ ಕಾಂಕ್ರೀಟ್ ಕಟ್ಟೆ, ರೆಕ್ಕೆ ಅದಕ್ಕೆ ಬಡಿಯಿತು. ಆಮೇಲೆ ಕಣಿವೆ.

158 ಜನ ತೀರಿಕೊಂಡರು. 8 ಜನ ಬದುಕಿದರು. ಮೊದಲು ಇಳಿದು ಓಡಿದವರು ಸುತ್ತಲ ಹಳ್ಳಿಯ ಹುಡುಗರು, ಪೊದೆ ಕಡಿಯುತ್ತಾ. ಗುರುತು ಸಿಗದ 12 ದೇಹಗಳ ಅಂತ್ಯಸಂಸ್ಕಾರ ಫಲ್ಗುಣಿ ದಡದಲ್ಲಿ ಆಯಿತು. ಈಗ ತಣ್ಣೀರುಬಾವಿ ಹತ್ತಿರ ಸ್ಮಾರಕದ ಉದ್ಯಾನ ಉಂಟು, ಬೀಚಿಗೆ ಹೋಗುವ ನಿಮ್ಮಲ್ಲಿ ಎಷ್ಟೋ ಜನ ಅದರ ಮುಂದೆಯೇ ಬೈಕು ಓಡಿಸಿದ್ದೀರಿ. ನನಗೆ ಆಗ ಹದಿಮೂರು. ನಮ್ಮ ಮನೆಯವರು ಯಾರೂ ಅದರಲ್ಲಿ ಇರಲಿಲ್ಲ. ಮಾವ ದುಬೈಯಲ್ಲಿದ್ದರು, ಫೋನು ಎತ್ತಿದರು. ಆದರೆ ಅವತ್ತು ಊರಲ್ಲಿ ಯಾರ ಫೋನು ರಿಂಗಾದರೂ ಎತ್ತೋಕೆ ಒಂದು ಕ್ಷಣ ತಡ ಆಗ್ತಿತ್ತು.

ಪೈಲಟ್ ತಪ್ಪು ಅಂತ ತನಿಖೆ ಹೇಳಿತು. ಹಾಗಾದರೆ ಕೋರ್ಟಿಗೆ ಹೋದವರ ಮಾತು ಸುಳ್ಳಾಯಿತಾ? ನನಗೆ ಹಾಗೆ ಅನಿಸೋದಿಲ್ಲ. ತಪ್ಪು ಮಾಡಿದ್ದು ಮನುಷ್ಯ, ಆದರೆ ತಪ್ಪಿಗೆ ಎಷ್ಟು ಜಾಗ ಇರಬೇಕು ಅನ್ನೋದನ್ನು ತೀರ್ಮಾನ ಮಾಡಿದ್ದು ಗುಡ್ಡ ಕಡಿದವರು. 2020ರ ಆಗಸ್ಟ್ 7ರಂದು ಕೋಝಿಕ್ಕೋಡ್‌ನಲ್ಲಿ, ಅದೂ ಟೇಬಲ್‌ಟಾಪ್, ದುಬೈಯಿಂದಲೇ ಬಂದ ವಿಮಾನ, ಮಳೆಯಲ್ಲಿ ಮತ್ತೆ ಅದೇ ರೀತಿ ಅಂಚು ದಾಟಿತು. 21 ಸಾವು.

ಈಗ ನಾನು ಹೇಳಬೇಕು ಅಂತ ಹೊರಟಿದ್ದ ಭಾಗ. ಟಿಕೆಟ್ ಅನ್ನೋದು ಒಪ್ಪಂದ. ಬಿ.ಕಾಂ.ನಲ್ಲಿ ಬಿಸಿನೆಸ್ ಲಾ ಮೊದಲ ಪಾಠವೇ ಅದು. ಅಂತರರಾಷ್ಟ್ರೀಯ ವಿಮಾನದಲ್ಲಿ ಪ್ರಯಾಣಿಕ ತೀರಿಕೊಂಡರೆ ಏನು ಅಂತ ಹೇಳುವ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ ಸೇರಿದ್ದು 2009ರಲ್ಲಿ, ಅಪಘಾತಕ್ಕೆ ಒಂದು ವರ್ಷ ಮುಂಚೆ. ಅದರಲ್ಲಿ ಎರಡು ಮೆಟ್ಟಿಲು. ಆಗ ಒಂದು ಲಕ್ಷ ಎಸ್‌ಡಿಆರ್ ತನಕದ ನಷ್ಟಕ್ಕೆ, ನಮ್ಮ ತಪ್ಪಲ್ಲ ಅಂತ ಕಂಪನಿ ಜಾರಿಕೊಳ್ಳೋ ಹಾಗಿರಲಿಲ್ಲ. ಅದರ ಮೇಲಿನದ್ದಕ್ಕೆ ವಾದ ಮಾಡಬಹುದಿತ್ತು. ಎಸ್‌ಡಿಆರ್ ಅಂದರೆ ಐಎಂಎಫ್ ಲೆಕ್ಕಕ್ಕೆ ಬಳಸುವ ಒಂದು ಹಣ, ನೋಟು ಇಲ್ಲ. ಆಗಿನ ಲೆಕ್ಕದಲ್ಲಿ ಒಂದು ಲಕ್ಷ ಎಸ್‌ಡಿಆರ್ ಅಂದರೆ ಸುಮಾರು 75 ಲಕ್ಷ ರೂಪಾಯಿ.

ಕಂಪನಿ ಕುಟುಂಬಗಳ ಜೊತೆ ಒಬ್ಬೊಬ್ಬರನ್ನೇ ಕೂರಿಸಿ ಮಾತುಕತೆ ನಡೆಸಿತು. ಸತ್ತವರ ವಯಸ್ಸು, ಸಂಬಳ, ಅವಲಂಬಿತರು ನೋಡಿ ಮೊತ್ತ. ಸಂಬಳದ ಚೀಟಿ ಇಲ್ಲದ ಕೂಲಿಯವನ ಮನೆಯವರು ಏನು ತೋರಿಸಬೇಕು? ಒಂದು ಕುಟುಂಬ ಕೇರಳ ಹೈಕೋರ್ಟಿಗೆ ಹೋಗಿ ಸರಳವಾಗಿ ಕೇಳಿತು: ಮೊದಲ ಮೆಟ್ಟಿಲು ಎಲ್ಲರಿಗೂ ಒಂದೇ ಅಲ್ವಾ? 2011ರ ಜುಲೈನಲ್ಲಿ ಏಕಸದಸ್ಯ ಪೀಠ ಹೌದು ಅಂದಿತು, ಕನಿಷ್ಠ 75 ಲಕ್ಷ. ಅದೇ ವರ್ಷ ವಿಭಾಗೀಯ ಪೀಠ ಅದನ್ನು ತಿರುಗಿಸಿತು. ಒಂದು ಲಕ್ಷ ಎಸ್‌ಡಿಆರ್ ಅನ್ನೋದು ಕನಿಷ್ಠ ಅಲ್ಲ, ನಷ್ಟ ಎಷ್ಟು ಅಂತ ತೋರಿಸಬೇಕು ಅಂತ.

ಇದನ್ನು ಓದಿದ ದಿನ ನಾನು ತುಂಬ ಹೊತ್ತು ಹಾಗೇ ಕೂತಿದ್ದೆ. ಒಂದೇ ದರದ ಟಿಕೆಟ್, ಒಂದೇ ಸಾಲಿನ ಸೀಟು. ಕಿಟಕಿ ಬಳಿ ಕೂತವನ ಬೆಲೆ ಬೇರೆ, ನಡುವೆ ಕೂತವನ ಬೆಲೆ ಬೇರೆ. 2020ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಂದು ಕುಟುಂಬಕ್ಕೆ 7.64 ಕೋಟಿ ರೂಪಾಯಿ ಕೊಡಬೇಕು ಅಂದಿತು. ತೀರಿಕೊಂಡವರು ಯುಎಇಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಅವರ ಮನೆಯವರು ಹತ್ತು ವರ್ಷ ಬಿಡದೆ ಹೋರಾಡಿದರು, ಗ್ರಾಹಕ ಆಯೋಗದ ದಾರಿ ಹಿಡಿದು. ಅವರಿಗೆ ಸಿಕ್ಕಿದ್ದು ನ್ಯಾಯವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹತ್ತು ವರ್ಷ ಕಾಯೋಕೆ, ವಕೀಲರನ್ನು ಇಟ್ಟುಕೊಳ್ಳೋಕೆ ಎಷ್ಟು ಜನರಿಗೆ ಆಗುತ್ತೆ? ಮೊದಲ ವರ್ಷವೇ ಸಹಿ ಹಾಕಿದ ಮನೆಗಳಲ್ಲಿ ಮಗಳ ಮದುವೆ, ಮನೆ ಸಾಲ, ಎಲ್ಲವೂ ಬಾಗಿಲಲ್ಲೇ ನಿಂತಿತ್ತು.

ಅದರ ಮುಂದಿನ ಕತೆ ಬೇಗ ಹೇಳ್ತೇನೆ. 2012ರಲ್ಲಿ ಪ್ರಯಾಣಿಕರು ಬಜ್ಪೆ ಕಡೆಯ ಹಳೇ ಕಟ್ಟಡ ಬಿಟ್ಟು ಕೆಂಜಾರಿನ ಹೊಸದಕ್ಕೆ ಹೋದರು. ಕೊರೊನಾ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ, ದುಬೈಯಿಂದ ಊರಿನವರನ್ನು ಹೊತ್ತ ಮೊದಲ ವಿಮಾನ ಇಲ್ಲೇ ಇಳಿಯಿತು. ಆ ವರ್ಷ ಅಕ್ಟೋಬರ್ 31ಕ್ಕೆ ನಿಲ್ದಾಣ ಅದಾನಿ ಕಂಪನಿಯ ಕೈಗೆ ಹೋಯಿತು, 50 ವರ್ಷಕ್ಕೆ. 2021ರ ಜೂನ್‌ನಲ್ಲಿ ಮರವೂರು ಸೇತುವೆಯ ಕಂಬ ಕುಸಿದು ನಿಲ್ದಾಣಕ್ಕೆ ಹೋಗುವವರೆಲ್ಲ ಸುತ್ತು ಹಾಕಿದರು. ಹೊಳೆ ದಾಟೋ ಕಷ್ಟ ನಮ್ಮನ್ನು ಬಿಟ್ಟು ಹೋಗಿಲ್ಲ ನೋಡಿ.

ನನ್ನ ಟಿಕೆಟ್ಟಿನ ಪಿಡಿಎಫ್ ತೆಗೆದು ನೋಡಿದೆ. ಮೊದಲ ಪುಟದಲ್ಲಿ ಸೀಟು, ಊಟ, ಬ್ಯಾಗಿನ ತೂಕ. ಕೊನೆಯಲ್ಲಿ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರದಲ್ಲಿ ಹೊಣೆಗಾರಿಕೆಯ ಷರತ್ತುಗಳು. ಇಷ್ಟು ವರ್ಷ ಹಾರಿದ್ದೇನೆ, ಒಂದು ಸಲವೂ ಅಲ್ಲಿ ತನಕ ಸ್ಕ್ರಾಲ್ ಮಾಡಿರಲಿಲ್ಲ.

ಮಾವ ಈಗ ದುಬೈ ಬಿಟ್ಟು ಊರಲ್ಲೇ ಇದ್ದಾರೆ, ಅಡಿಕೆ ತೋಟ ನೋಡಿಕೊಂಡು. ಅವತ್ತು ಬೆಂಗಳೂರಿನಿಂದ ಬಂದು ಬ್ಯಾಗ್ ಇಡುವಾಗ ಜಗಲಿಯಲ್ಲಿ ಕೂತಿದ್ದರು. ಹಾರಾಟ ಹೇಗಿತ್ತು, ಟಿಕೆಟ್ ಎಷ್ಟಾಯಿತು, ಯಾವುದನ್ನೂ ಕೇಳಲಿಲ್ಲ.

"ಯಾವ ಕಡೆಯಿಂದ ಇಳಿಸಿದ? ಘಟ್ಟದ ಕಡೆಯಿಂದಲಾ, ಕಡಲಿನ ಕಡೆಯಿಂದಲಾ?"

"ಘಟ್ಟದ ಕಡೆಯಿಂದ, ಮಾವ."

ತಲೆ ಅಲ್ಲಾಡಿಸಿದರು. "ಬೇಗ ಮುಟ್ಟಿಸಿದನಾ?"

"ಹೂಂ. ಶುರುವಲ್ಲೇ."

"ಹಾಂ," ಅಂದು ಒಳಗೆ ತಿರುಗಿ, ಅಮ್ಮನಿಗೆ ದೋಸೆ ಹೊಯ್ಯೋಕೆ ಹೇಳಿದರು.